ಹೊರಹೋದ ವೇಳೆ

ಜಗಳೂರಿನಿಂದ ಕರೆತಂದ ಆಟೋದವನು
ಗೇಟಿನ ಮುಂದೆ ಇಳಿಸಿ,
"ಇಲ್ಲೇನೈತ್ರಿ ನೋಡಾಕೆ?" ಅಂದು ತಿರುಗಿಸಿಕೊಂಡು ಹೋದ.
ಅವನಿಗಿಂತ ಹೆಚ್ಚು ಹೊತ್ತು ಅವನ ಧೂಳು ನಿಂತಿತ್ತು.

ಗೇಟೆಂದರೆ ಒಂದು ಅಡ್ಡಗಳ, ತುದಿಗೆ ಕಟ್ಟಿದ ಕಲ್ಲು.
ಹಳದಿ ಹಲಗೆಯ ಮೇಲೆ ಕೊಂಡುಕುರಿಯ ಚಿತ್ರ.
ಬರೆದವನು ಅದನ್ನು ಕಂಡವನಲ್ಲ;
ಮೇಕೆಗೆ ನಾಲ್ಕು ಕೊಂಬು ಇಡಲು ಹೋಗಿ
ಜಾಗ ಸಾಲದೆ ಒಂದನ್ನು ಕಿವಿಯ ಮೇಲೆ ಕೂರಿಸಿದ್ದಾನೆ.

ವಾಚರ್ ಚಿನ್ನಪಾಲಯ್ಯ ಬೇವಿನ ನೆರಳಿನಿಂದ ಎದ್ದು ಬಂದ,
ಕಂಕುಳಲ್ಲಿ ರಿಜಿಸ್ಟರು, ಕಿವಿಯ ಸಂದಿಯಲ್ಲಿ ಪೆನ್ನು.
ಹೆಸರು: ನೀಲಗಂಗಾ. ಊರು: ದಾವಣಗೆರೆ. ಜನ: ಒಂದು.
ಬಂದ ಕಾರಣ:
ಅಲ್ಲಿ ಪೆನ್ನು ನಿಂತಿತು.

ಮೇಲಿನ ಸಾಲಿನವರೆಲ್ಲ "ವೀಕ್ಷಣೆ" ಎಂದಿದ್ದರು,
ಒಬ್ಬರದು ನೋಡಿ ಒಬ್ಬರು, ಪರೀಕ್ಷೆಯ ಹುಡುಗರ ಹಾಗೆ.
ನಾನೇನು ಬರೆಯಲಿ? ಸಕ್ಕರೆ ಇನ್ನೂರ ಅರವತ್ತು ಅಂತಲೇ?
ಡಾಕ್ಟರು ನಡೀರಿ ಅಂದರು. ಎರಡು ವರ್ಷ ನಡೆದೆ
ಕುಂದವಾಡ ಕೆರೆಯ ಸುತ್ತ,
ಅವವೇ ಬೂಟುಗಳ ಹಿಂದೆ, ಅವವೇ ಸೊಸೆಯರ ಸುದ್ದಿಯ ಹಿಂದೆ,
ಹೊರಟಲ್ಲಿಗೇ ಬಂದು ಮುಟ್ಟುತ್ತ.
ಗಾಣದ ಎತ್ತಿನ ಪಾಲಿಗೆ ಹಿಂಡಿಯಾದರೂ ಇತ್ತು.
ಎತ್ತಲಾದರೂ ಹೋಗುವ ಒಂದು ದಾರಿ ಬೇಕೆಂದಿತು ಕಾಲು.
ಇಷ್ಟನ್ನು ಬರೆಯಲು ಎರಡು ಬೆರಳಗಲ ಜಾಗ.
ನಾನೂ ಬರೆದೆ: ವೀಕ್ಷಣೆ.

"ದಾರಿ ಇಲ್ಲಿಂದ," ಅಂದ.
ಸುಣ್ಣ ಬಳಿದ ಒಂದು ಕಲ್ಲು,
ಅದರಾಚೆ ಹುಲ್ಲು ತುಸು ಕಡಿಮೆ ಇರುವ ಕಡೆ, ಅದೇ ದಾರಿ.
ಬಂದರಿಕೆ, ತಂಗಡಿ, ಎಲೆ ಉದುರಿಸಿ ನಿಂತ ಕಮರ.
ರೊಟ್ಟಿಯಿಲ್ಲದೆ ಬರಿದೇ ಕಾಯುತ್ತಿರುವ ಹಂಚು ಗುಡ್ಡ.
ದೂರದ ದಿಣ್ಣೆಯಲ್ಲಿ ಮೂರು ಗಾಳಿಯಂತ್ರ,
ಎರಡು ಸುಮ್ಮನೆ ನಿಂತಿವೆ,
ಒಂದು ಯಾರಿಗೋ ಬೇಡ ಬೇಡವೆಂದು ಕೈಯಾಡಿಸುತ್ತಿದೆ.

"ಕೊಂಡುಕುರಿ ಕಾಣುತ್ತಾ?"
"ಹನ್ನೊಂದು ವರ್ಷದಾಗೆ ನಾನು ಕಂಡಿದ್ದು..."
ಬೆರಳು ಮಡಿಚಿದ. ಎರಡನೆಯ ಕೈ ಬೇಕಾಗಲಿಲ್ಲ.
"ಅದು ಮಾತ್ರ ನಮ್ಮನ್ನ ದಿನಾ ಕಾಣ್ತೈತ್ರಿ."

ಇಪ್ಪತ್ತು ಹೆಜ್ಜೆ ಕರೆದೊಯ್ದು ತೋರಿಸಿದ:
ಕಾರೆಮುಳ್ಳಿನ ಬುಡದಲ್ಲಿ ಮೊರದಗಲ ಹಿಕ್ಕೆ.
ಅಡಿಯದು ಬೂದಿ, ಅದರ ಮೇಲಿನದು ಕಂದು,
ಎಲ್ಲಕ್ಕೂ ಮೇಲೆ ನಾಲ್ಕೈದು, ಕಪ್ಪಗೆ, ಮಿರಿಮಿರಿ.
"ಇವತ್ತಿಂದು. ಎಲ್ಲೇ ಮೇಯ್ಲಿ, ಇಲ್ಲಿಗೇ ಬಂದು ಹಾಕ್ತೈತಿ.
ಅದರದೂ ಒಂದು ರಿಜಿಸ್ಟರು!"
ಮಂಡಿ ಹಿಡಿದು ಬಗ್ಗಿ ನೋಡಿದೆ.
ಕೆರೆಯ ಸುತ್ತಿನ ಬೂಟುಗಳೆಲ್ಲ ನೆನಪಾಗಿ
ನಗು ಬಂತು, ತುಸು ನಾಚಿಕೆಯೂ.

ಎರಡನೆಯ ಬಿಳಿಕಲ್ಲಿನವರೆಗೆ ಒಬ್ಬಳೇ ಹತ್ತಿದೆ.
ಅಲ್ಲಿಗೆ ಉಸಿರು ಮುಗಿಯಿತು.
ಕೂತೆ. ಚೀಲದಲ್ಲಿ ಎರಡು ಬಿಸ್ಕತ್ತು, ಬಿಸಿಯಾದ ನೀರು.
ಎದೆಯ ಬಡಿತ ಇಳಿದ ಮೇಲೆ
ಗುಡ್ಡದ ಸದ್ದು ಒಂದೊಂದಾಗಿ ಬಂತು:
ಕಾಯಿ ಸಿಡಿದದ್ದು, ಓತಿ ಓಡಿದ್ದು,
ಬೆನ್ನ ಹಿಂದೆ
ಗಾಳಿಯಿಲ್ಲದೆ ಬಂದರಿಕೆ ಅಲುಗಿದ್ದು.
ಒಂದು ಗೊರಸು, ಕಲ್ಲಿಗೆ ತಾಗಿತೋ ಇಲ್ಲವೋ ಎಂಬಷ್ಟು.

ತಿರುಗಲಿಲ್ಲ.
ಕಾಣುವ ಸರದಿ ಅದರದು.

ಇಳಿದಾಗ ರಿಜಿಸ್ಟರು ಮತ್ತೆ ತೆರೆದಿತ್ತು.
ಕೊನೆಯ ಕಾಲಂ: ಹೊರಹೋದ ವೇಳೆ.
ನನ್ನ ಮೇಲಿನ ಸಾಲು, ಹರಿಹರದ ಯಾರೋ ಬಕ್ಕಪ್ಪ,
ಮೂರು ವಾರದ ಹಿಂದಿನ ತಾರೀಕು, ಆ ಜಾಗ ಖಾಲಿ.
"ಇವರು?"
"ಅವತ್ತೇ ಇಳಿದ್ರು, ಇಲ್ಲೇ ಕುಂತು ಮಜ್ಜಿಗೆ ಕುಡಿದ್ರು, ಬರೆಯೋದು ಮರೆತ್ರು.
ಪುಸ್ತಕದಾಗ ಇನ್ನೂ ಮ್ಯಾಲೇ ಅದಾರ."

ನನ್ನದನ್ನು ಬರೆಯಹೋದೆ. ಬಿಸಿಲಿಗೆ ಶಾಯಿ ಹಿಡಿದುಕೊಂಡಿತ್ತು.
ಒತ್ತಿ ಗೀಚಿದೆ. ಬಣ್ಣವಿಲ್ಲದೆ
ಹಾಳೆಯಲ್ಲಿ ಬರೀ ತಗ್ಗು: ಒಂದು ಐವತ್ತು.
ಚಿನ್ನಪಾಲಯ್ಯ ಪುಸ್ತಕ ತಗೊಂಡ,
ಹೆಜ್ಜೆಗುರುತು ನೋಡುವವನ ಹಾಗೆ
ಬಿಸಿಲಿಗೆ ಓರೆಯಾಗಿ ಹಿಡಿದ,
"ಸಾಕ್ರಿ," ಅಂದ, "ಕಾಣ್ತೈತಿ."